ಅಂಜನಕುಮಾರ ಮಾರಿದ ಸೈಟು

ವೇದಿಕೆ ಮೇಲಿರುವ ಹಿರಿಯರೇ, ಗುತ್ತೂರಿನ ನಮ್ಮ ಕಾರ್ಖಾನೆಯ ಗೆಳೆಯರೇ, ಅಂಜನಕುಮಾರನ ಬಂಧುಗಳೇ, ಅವನ ಪತ್ನಿ ಸರೋಜಮ್ಮನವರೇ — ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರೋ ಮೊದಲು ಸರೋಜಮ್ಮನ್ನ ಕೇಳಿದೆ, "ಏನಂತ ಹೇಳ್ಲಿ ತಂಗೀ?" "ಇದ್ದದ್ದು ಇದ್ದಂಗೆ ಹೇಳ್ರಿ ಓಬಯ್ಯಣ್ಣ. ಹೋದ್ರು ಅಂತ ಅವರನ್ನ ದೇವರು ಮಾಡಬ್ಯಾಡ್ರಿ" ಅಂದ್ರು. ಹಂಗಾಗಿ ಇದ್ದದ್ದನ್ನೇ ಹೇಳ್ತೀನಿ.

ನಾನೂ ಅವನೂ ಒಂದೇ ಶಿಫ್ಟು, ಅಕ್ಕಪಕ್ಕದ ಲೇತು. ಅವನ ಕೈ ಎಷ್ಟು ಬಿಗಿ ಅಂದ್ರೆ — ದಾವಣಗೆರೆಗೆ ಹೋದಾಗ ನಾವೆಲ್ಲ ಬೆಣ್ಣೆದೋಸೆ ತಿನ್ನೋಕೆ ಒಳಗೆ ಹೋದ್ರೆ, ಅವನು ಹೊರಗೆ ಗಾಡಿ ಕಾಯ್ಕೊಂಡು ನಿಲ್ತಿದ್ದ. "ಬಾರೋ, ನಾನು ಕೊಡ್ತೀನಿ" ಅಂದ್ರೆ, "ಇವತ್ತು ನೀನು ಕೊಟ್ರೆ ನಾಳೆ ನಾನು ಕೊಡ್ಬೇಕಲ್ಲ" ಅಂತಿದ್ದ. ಹಂಗೆ ಕೂಡಿಟ್ಟು ಹರಿಹರದಾಗೆ ಒಂದು ಸೈಟು ತಗೊಂಡ. ಒಬ್ಬಳೇ ಮಗಳು, ಸ್ನೇಹಾ. ಎಸ್ಸೆಸ್ಸೆಲ್ಸಿ ಓದೋ ಹುಡುಗಿ. ಶಾಲೆಯಿಂದ ಮುರ್ಡೇಶ್ವರಕ್ಕೆ ಕರ್ಕೊಂಡು ಹೋಗ್ತಾರಪ್ಪ, ಸಮುದ್ರ ನೋಡಿ ಬರ್ತೀನಿ ಅಂದ್ಲು. "ಮನೆ ಆಗ್ಲಿ, ಆಮೇಲೆ ಎಲ್ಲರೂ ಹೋಗೋಣ" ಅಂದ.

ಆ ಮಳೆಗಾಲ ಡೆಂಗಿ ಜ್ವರ ಬಂತು. ಮಗು — ಉಳೀಲಿಲ್ಲ.

ಆಮೇಲೆ ಅಂಜನಕುಮಾರ ಬೇರೆ ಮನುಷ್ಯನೇ ಆದ. ಸೈಟು ಮಾರಿದ. ನಮ್ಮ ಶಿಫ್ಟಿನ ಎಲ್ಲರ ಸಂಸಾರಕ್ಕೂ ಟೆಂಪೋ ಮಾಡಿಸಿ ಮುರ್ಡೇಶ್ವರಕ್ಕೆ ಕರ್ಕೊಂಡು ಹೋದ. ನಮ್ಮ ಮಕ್ಕಳನ್ನ ಹಿಂಗೆ — ಹಿಂಗೆ ಹೆಗಲ ಮೇಲೆ ಹೊತ್ಕೊಂಡು ನೀರಿಗಿಳಿದು ಕುಣಿದ. ಸರೋಜಮ್ಮ ಮಾತ್ರ ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ರು. ನನ್ನ ಹೆಂಡ್ತಿ ಕರೆದ್ಲು. "ನೋಡ್ಬೇಕು ಅಂದೋಳು ನಾನಲ್ಲ ಅಕ್ಕ" ಅಂದ್ರು.

ಅವನು ಅಲ್ಲಿಗೆ ನಿಲ್ಲಿಸ್ಲಿಲ್ಲ. ರಜೆ ಬಂದ್ರೆ ಒಂದು ಊರು, ಸಂಬಳ ಬಂದ್ರೆ ಎಲ್ಲರಿಗೂ ಊಟ. "ಸ್ವಲ್ಪ ಇಟ್ಕೊಳ್ಳೋ" ಅಂದೆ ಒಂದಿನ, ಅವನ ಮನೆಯಾಗೆ. "ಯಾರಿಗೆ ಇಡ್ಲಿ ಓಬಯ್ಯ?" ಅಂದ. ಆ ಮಾತು ಆಡುವಾಗ ಸರೋಜಮ್ಮ ಅಲ್ಲೇ, ಚಾ ಹಿಡ್ಕೊಂಡು ನಿಂತಿದ್ರು.

ಹೋದ ತಿಂಗಳು ಬೆಳಗಿನ ಶಿಫ್ಟಿನಾಗೆ ಎದೆ ಹಿಡ್ಕೊಂಡು ಕುಸಿದ. ಆಸ್ಪತ್ರೆ ಮುಟ್ಟೋದ್ರೊಳಗೆ ಎಲ್ಲ ಮುಗಿದಿತ್ತು. ಪಿ.ಎಫ್. ಹಣ ಮೊದಲೇ ತೆಗೆದು ಖರ್ಚು ಮಾಡಿದ್ದ. ಬರೋ ಪಿಂಚಣಿ ಮನೆ ಬಾಡಿಗೆಗೂ ಸಾಲಲ್ಲ. ಸರೋಜಮ್ಮ ಈಗ ವಿದ್ಯಾನಗರದ ಒಂದು ಹಾಸ್ಟೆಲಿಗೆ ಅಡುಗೆ ಕೆಲಸಕ್ಕೆ ಹೊಂಟಾರೆ.

ಅವನು ಹೋದ ಮೂರನೇ ದಿನ ಜನ ಎಲ್ಲ "ಎಂಥ ದೊಡ್ಡ ಮನಸ್ಸು" ಅಂತಿರುವಾಗ ಸರೋಜಮ್ಮ ಅಂದ್ರು: "ಮಗಳಿದ್ದಾಗ ಒಂದು ರೂಪಾಯಿ ಬಿಚ್ಚಲಿಲ್ಲ. ಮಗಳು ಹೋದ ಮೇಲೆ ಒಂದು ರೂಪಾಯಿ ಉಳಿಸಲಿಲ್ಲ. ಕೂಡಿಡೋವಾಗ್ಲೂ ನನ್ನ ಕೇಳಲಿಲ್ಲ, ಕಳೆಯೋವಾಗ್ಲೂ ಕೇಳಲಿಲ್ಲ."

ಬಂಧುಗಳೇ, ಅಂಜನಕುಮಾರ ಕೆಟ್ಟವನಲ್ಲ. ದುಃಖ ತಡ್ಕೊಳ್ಳೋಕಾಗದೆ ದಿಕ್ಕುತಪ್ಪಿದ ಮನುಷ್ಯ. ಆದ್ರೆ ಈ ಹೆಣ್ಮಗಳೂ ಅದೇ ಮಗಳ ತಾಯಿ — ಅದನ್ನ ಅವನೂ ಮರೆತ. ಅವನು ಹಾಕಿಸಿದ ಊಟ ಉಣ್ತಾ ಉಣ್ತಾ ನಾವೂ ಮರೆತ್ವಿ.

ಈಗ ನಮ್ಮ ಗೆಳೆಯನಿಗಾಗಿ, ಆ ಮಗುವಿಗಾಗಿ, ಎಲ್ಲರೂ ಎದ್ದು ಎರಡು ನಿಮಿಷ ಮಾತಿಲ್ಲದೆ ನಿಲ್ಲಬೇಕು ಅಂತ ಕೇಳ್ಕೊಳ್ತೀನಿ.

ಸರೋಜಮ್ಮ — ನೀವು ಕೂಡ್ರಿ. ನೀವು ಏಳಬ್ಯಾಡ್ರಿ. ಇವತ್ತು ನಿಮ್ಮ ಮುಂದೆ ನಾವು ನಿಲ್ತೀವಿ.