ಕಿಟಕಿ ಮುಚ್ಚಿದ ಮೇಲಿನ ಹಾಡು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ವಿಭಾಗದ ಮುಖ್ಯಸ್ಥರೇ, ಡೀನ್ ಸಾಹೇಬರೇ, ವೇದಿಕೆಯ ಮೇಲಿನ ವಿದ್ವಾಂಸರೇ, ಇಂದು ನಾವೆಲ್ಲ ಸೇರಿ ಬೀಳ್ಕೊಡುತ್ತಿರುವ ಪ್ರೊಫೆಸರ್ ಸ್ತೆಫಾನಿಯಾ ಯುಖೀಮಿವ್ನಾ ಅವರೇ, ಉಕ್ರೇನಿಯನ್ ಭಾಷೆ ಸಾಹಿತ್ಯ ಓದುತ್ತಿರುವ ಮಕ್ಕಳೇ, ಹಾಗೂ ಊಟದ ಕೋಣೆಯಿಂದ ಬರುತ್ತಿರುವ ಬೋರ್ಷ್ ಸಾರಿನ ವಾಸನೆಗೆ ಮೂಗು ಕೊಟ್ಟು ನನಗೆ ಕಿವಿ ಕೊಟ್ಟಿರುವ ಸಭಿಕರೇ,

ನನ್ನ ಹೆಸರು ಲುಕಿಯಾನ್. ಪೋಲ್ತಾವಾದಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿಯಾದ ತೆರ್ನೊವೆ ಹಳ್ಳಿಯವನು. ಮನೆ ಕಾಯಿಸಿ ರೊಟ್ಟಿ ಬೇಯಿಸುವ ಆಳೆತ್ತರದ ಇಟ್ಟಿಗೆ ಒಲೆ ಕಟ್ಟುವುದು ನನ್ನ ಕಸುಬು. ಐದು ನಿಮಿಷದಲ್ಲಿ ಮಾತು ಮುಗಿಸಬೇಕೆಂದು ಅಧ್ಯಕ್ಷರು ಕಿವಿಯಲ್ಲಿ ಹೇಳಿದ್ದಾರೆ. ನಾನು ಕಟ್ಟಿದ ಒಲೆಗಳು ಬಿಸಿಯಾಗುವುದು ನಿಧಾನ, ಆದರೆ ಒಮ್ಮೆ ಕಾದವೆಂದರೆ ಮರುದಿನದವರೆಗೂ ಆರುವುದಿಲ್ಲ. ಕಟ್ಟಿದವನ ಮಾತೂ ಹಾಗೆಯೇ ಎಂದು ನಮ್ಮೂರಿನಲ್ಲಿ ಹೇಳುತ್ತಾರೆ. ಎಚ್ಚರಿಕೆ ಕೊಟ್ಟಿದ್ದೇನೆ. ಮುಂದಿನದು ನಿಮ್ಮ ಹಣೆಬರಹ.

ನನಗಿಂತ ಮೊದಲು ಮಾತನಾಡಿದವರು ಸ್ತೆಫಾನಿಯಾ ಯುಖೀಮಿವ್ನಾ ಅವರ ಪುಸ್ತಕಗಳನ್ನು ಹೊಗಳಿದರು, ಅವರ ನಿಘಂಟನ್ನು ಹೊಗಳಿದರು, ಅವರ ಶಿಷ್ಯರು ಎಲ್ಲೆಲ್ಲಿ ಮೇಷ್ಟ್ರಾಗಿದ್ದಾರೆಂದು ಹೇಳಿದರು. ಅದರಲ್ಲಿ ಒಂದನ್ನೂ ನಾನು ಹೇಳಲಾರೆ. ಅವರ ಬಗ್ಗೆ ನಾನು ಬಲ್ಲದ್ದು ವರ್ಷದಲ್ಲಿ ಒಂದು ತಿಂಗಳು ಮಾತ್ರ. ಜುಲೈ.

ಪ್ರತಿ ಜುಲೈಯಲ್ಲೂ ಅವರು ಮೊದಲ ವರ್ಷದ ಮಕ್ಕಳನ್ನು ಕಟ್ಟಿಕೊಂಡು ನಮ್ಮೂರಿನಲ್ಲಿ ಬಸ್ಸಿಳಿಯುತ್ತಿದ್ದರು. ಜಾನಪದ ಅಭ್ಯಾಸವೆಂಬುದು ಆ ಪಾಠದ ಹೆಸರು. ಅಜ್ಜಿಯರ ಹಾಡು, ಗಾದೆ, ಬೈಗುಳ ಎಲ್ಲವನ್ನೂ ಧ್ವನಿ ಹಿಡಿಯುವ ಯಂತ್ರದೊಳಗೆ ತುಂಬಿಕೊಂಡು ಹೋಗಬೇಕು. ಹಾಡು ಸಿಗದವರಿಗೆ ಪರೀಕ್ಷೆ ದಾಟುವ ಯೋಗವಿಲ್ಲ. ಮಕ್ಕಳು ಶಾಲೆಯ ನೆಲದ ಮೇಲೆ ಮಲಗುತ್ತಿದ್ದರು. ಶಾಲೆಯ ಒಲೆ ನಾನು ಕಟ್ಟಿದ್ದು. ಆದ್ದರಿಂದ ಅದು ಉರಿಯದಿದ್ದರೂ ನನಗೆ ಕರೆ, ಹೊಗೆಯಾಡಿದರೂ ನನಗೆ ಕರೆ. ಜುಲೈ ತಿಂಗಳಲ್ಲಿ ಒಲೆ ಯಾಕೆ ಉರಿಸುತ್ತಿದ್ದರು ಎಂದು ಕೇಳಬೇಡಿ. ಕರೆಯದಿದ್ದರೂ ನಾನೇ ಹೋಗಿ ನೋಡಿಬರುತ್ತಿದ್ದೆ.

ನಮ್ಮೂರಿನ ಹಾಡುಗಳ ಬೀಗದ ಕೈ ಇರುವುದು ಮೋತ್ರಿಯಾ ಅಜ್ಜಿಯ ಬಳಿ. ಮೊದಲ ಬಾರಿ ಈ ಮಕ್ಕಳನ್ನು ಕಂಡಾಗ ಆಕೆ ಕೇಳಿದಳು:

"ಏನು ಓದ್ತೀರಮ್ಮ ಪೋಲ್ತಾವಾದಲ್ಲಿ?"

"ಉಕ್ರೇನಿಯನ್ ಓದ್ತೀವಿ ಅಜ್ಜಿ."

"ಎಷ್ಟು ವರ್ಷ?"

"ಐದು."

"ಅಯ್ಯೋ ದೇವರೇ! ನಾನು ಎರಡೇ ವರ್ಷಕ್ಕೆ ಕಲಿತ್ಬಿಟ್ಟೆ, ಅದೂ ತೊಟ್ಟಿಲಲ್ಲಿ ಮಲಗ್ಕೊಂಡು. ನೀವೇನು ಅಷ್ಟೊಂದು ಮಂದಾನಾ?"

ಒಂದು ವರ್ಷ ಝ್ಲಾತಾ ಎಂಬ ಹುಡುಗಿ ಬಂದಿದ್ದಳು. ಕ್ರಿವಿ ರಿಹ್‌ನ ಗಣಿ ಕಾರ್ಮಿಕರ ಮಗಳು. ಮನೆಯಲ್ಲಿ ರಷ್ಯನ್ ಮಾತು, ಉಕ್ರೇನಿಯನ್ ಎಂದರೆ ಪುಸ್ತಕದಲ್ಲಿ ಇಸ್ತ್ರಿ ಹಾಕಿಟ್ಟ ಮಾತು. ಅವಳು ಮೋತ್ರಿಯಾ ಅಜ್ಜಿಯ ಬೇಲಿಯ ಬಳಿ ನೆಟ್ಟಗೆ ನಿಂತು ಕೇಳಿದಳು: "ಗೌರವಾನ್ವಿತರೇ, ತಮ್ಮ ಪ್ರದೇಶದ ಋತುಮಾನ ಸಂಬಂಧಿತ ಮೌಖಿಕ ಪರಂಪರೆಯ ಕುರಿತು ದಯವಿಟ್ಟು ವಿವರಿಸುವಿರಾ?" ಅಜ್ಜಿ ಬೆದರಿ ನನ್ನ ಕಡೆ ತಿರುಗಿದಳು. "ಲೋ ಲುಕಿಯಾನಾ, ಈ ಮಗು ಯಾರ ಮೇಲೋ ಕೇಸು ಹಾಕ್ತಿದೆ!"

ಆಮೇಲೆ ಆ ಹುಡುಗಿಯ ಕೈಗೆ ಗುದ್ದಲಿ ಬಂತು. "ಮೊದಲು ಬೀಟ್‌ರೂಟ್ ಸಾಲಿನ ಕಳೆ ತೆಗಿ. ಸುಮ್ನೆ ಕೂತ್ಕೊಂಡು ಹಾಡೋಕೆ ನಾನೇನು ಟೀವಿಯವಳಾ?" ಒಂದು ಸಾಲಿಗೆ ಒಂದು ಹಾಡು, ಅದು ಅಜ್ಜಿಯ ದರ. ಸಂಜೆಯ ಹೊತ್ತಿಗೆ ಝ್ಲಾತಾಳ ಅಂಗೈಯಲ್ಲಿ ಬೊಬ್ಬೆ, ಬಾಯಲ್ಲಿ ಹಾಡು. ಈಗ ಅವಳು ತನ್ನೂರಿನಲ್ಲೇ ಟೀಚರ್. ತರಗತಿಯಲ್ಲಿ ಗಲಾಟೆಯಾದರೆ ಮೋತ್ರಿಯಾ ಅಜ್ಜಿಯ ಬೈಗುಳಗಳನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಾಳಂತೆ. ವಿಶ್ವವಿದ್ಯಾಲಯದ ವಿದ್ಯೆ ಸಾರ್ಥಕವಾಗಲು ಇನ್ನೇನು ಬೇಕು?

ಹೀಗೆ ಬೇಸಿಗೆಯ ಹಾಡು ಸಿಕ್ಕಿತು, ಸುಗ್ಗಿಯ ಹಾಡು ಸಿಕ್ಕಿತು, ಕುಡುಕ ಗಂಡನನ್ನು ಬೈಯುವ ಹಾಡುಗಳಂತೂ ಬೇಕಾದಷ್ಟು ಸಿಕ್ಕವು. ಒಂದು ಹಾಡು ಮಾತ್ರ ಇಂದಿಗೂ ಪೂರ್ತಿ ಸಿಕ್ಕಿಲ್ಲ. ಸ್ತೆಫಾನಿಯಾ ಯುಖೀಮಿವ್ನಾ ಅವರ ಮದುವೆ ಹಾಡುಗಳ ಪುಸ್ತಕದಲ್ಲಿ ಆ ಜಾಗದಲ್ಲಿ ಚುಕ್ಕಿಗಳಿವೆ. ನೀವು ಓದಿರಬಹುದು. ಆ ಚುಕ್ಕಿಗಳ ಹುಟ್ಟೂರು ತೆರ್ನೊವೆ.

ಕೊರೊವಾಯ್ ಎಂದರೆ ನಿಮಗೆ ಗೊತ್ತೇ ಇದೆ: ಜಡೆ ಹೆಣೆದು, ಮೇಲೆ ಹಿಟ್ಟಿನ ಹಕ್ಕಿಗಳನ್ನು ಕೂರಿಸಿದ ಮದುವೆಯ ರೊಟ್ಟಿ. ನಮ್ಮೂರಿನಲ್ಲಿ ಅದನ್ನು ನಾದುವವರು ಗಂಡನ ಜೊತೆ ನೆಮ್ಮದಿಯಾಗಿ ಬಾಳುವ ಮುತ್ತೈದೆಯರೇ ಆಗಿರಬೇಕು. ವಿಧವೆಗೆ ಒಳಗೆ ಪ್ರವೇಶವಿಲ್ಲ, ವಿಧುರನಿಗಿಲ್ಲ, ಮದುವೆಯಾಗದವರಿಗಂತೂ ಇಲ್ಲವೇ ಇಲ್ಲ. ಗಂಡಸರಲ್ಲಿ ಒಬ್ಬನಿಗೆ ಮಾತ್ರ ರಿಯಾಯಿತಿ. ಗುಂಗುರು ಕೂದಲಿನವನೊಬ್ಬ ಒಲೆ ಗುಡಿಸಿ ರೊಟ್ಟಿಯನ್ನು ಒಳಗಿಡಬೇಕು, ರೊಟ್ಟಿಯೂ ಅವನ ಕೂದಲಿನ ಹಾಗೆ ಉಬ್ಬಿ ಸುರುಳಿಯಾಗಲಿ ಎಂದು. ನಗಬೇಡಿ. ಒಂದು ಕಾಲದಲ್ಲಿ ಆ ಗುಂಗುರು ಕೂದಲಿನವನು ನಾನೇ. ಮುಂದಿನ ಸಾಲಿನವರಿಗೆ ಈಗ ನನ್ನ ತಲೆಯಿಂದ ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತಿದ್ದರೆ ಕ್ಷಮಿಸಿ. ನನ್ನ ಹೆಂಡತಿ ಪರಸ್ಕಾ ತೀರಿಕೊಂಡಳು, ಅದರ ಹಿಂದೆಯೇ ಕೂದಲೂ ಹೋಯಿತು. ಎರಡೂ ಅರ್ಹತೆ ಒಟ್ಟಿಗೆ ತಪ್ಪಿದವು. ಮಕ್ಕಳಿಲ್ಲದ ಮನೆ. ಒಲೆ ದೊಡ್ಡದು. ಅದಿರಲಿ, ಆ ಮಾತು ಇಲ್ಲಿಗೆ ಬೇಕಿರಲಿಲ್ಲ.

ಹೀಗಾಗಿ ಊರಿನಲ್ಲಿ ಕೊರೊವಾಯ್ ನಾದುವ ದಿನ ಒಳಗೆ ಮೋತ್ರಿಯಾ ಅಜ್ಜಿಯ ಪಡೆ, ಹೊರಗೆ ಕಿಟಕಿಯ ಬಳಿ ಇಬ್ಬರು: ಮದುವೆಯಾಗದ ಪ್ರೊಫೆಸರ್ ಒಬ್ಬರು, ಹೆಂಡತಿ ಇಲ್ಲದ ನಾನೊಬ್ಬ. ಅವರ ಕೈಯಲ್ಲಿ ಧ್ವನಿಯಂತ್ರ, ನನ್ನ ಕೈಯಲ್ಲಿ ನಾಯಿಯ ಬಾಯಿ. ಬುರ್ಕೊ ಎಂಬ ಆ ನಾಯಿಗೆ ಹೆಂಗಸರು ಹಾಡಿದರೆ ತಾನೂ ಹಾಡುವ ಚಟ. ಅದರ ಬಾಯಿ ಮುಚ್ಚಿದ್ದೇ ಉಕ್ರೇನಿಯನ್ ಜಾನಪದಶಾಸ್ತ್ರಕ್ಕೆ ನನ್ನ ಕೊಡುಗೆ.

ಹಿಟ್ಟು ಜರಡಿ ಹಿಡಿಯುವಾಗ ಒಂದು ಹಾಡು, ಮೊಟ್ಟೆ ಒಡೆಯುವಾಗ ಒಂದು, ನಾದುವಾಗ ಒಂದು. ಎಲ್ಲವೂ ಯಂತ್ರಕ್ಕೆ ಸಿಕ್ಕವು. ಆದರೆ ರೊಟ್ಟಿ ಒಲೆಗೆ ಹೋಗುವ ಹೊತ್ತಿಗೆ ದಡಾರನೆ ಕಿಟಕಿ ಮುಚ್ಚುತ್ತಾರೆ. ತಣ್ಣನೆ ಗಾಳಿ ತಾಗಿದರೆ ರೊಟ್ಟಿ ಬಿರಿಯುತ್ತದೆ, ರೊಟ್ಟಿ ಬಿರಿದರೆ ಸಂಸಾರ ಬಿರಿಯುತ್ತದೆ. ಒಲೆಯ ಹಾಡು ಶುರುವಾಗುವುದೇ ಆಗ. ಕಿಟಕಿ ಕೂಡುವಷ್ಟರಲ್ಲಿ ಹೊರಗೆ ಮೊದಲೆರಡು ಸಾಲು ಕೇಳುತ್ತದೆ. ಮುಂದೆ ಗೋಡೆ.

ಏನೆಲ್ಲ ಪ್ರಯತ್ನ ನಡೆಯಲಿಲ್ಲ! ಯಂತ್ರವನ್ನು ಮಾತ್ರ ಒಳಗಿಡಲೇ ಎಂದು ಕೇಳಿದರು. ಮೋತ್ರಿಯಾ ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಈ ಪೆಟ್ಟಿಗೆಗೆ ಮದುವೆ ಆಗಿದೆಯಾ?" ಒಮ್ಮೆ ಇದೇ ವಿಭಾಗದ, ಸುಖವಾಗಿ ಸಂಸಾರ ಮಾಡುತ್ತಿದ್ದ ಮೇಡಂ ಒಬ್ಬರನ್ನು ಒಳಗೆ ಕಳಿಸಿದ್ದಾಯಿತು. ಒಳಗಿನವರು ಅವರಿಗೆ ಸಂಪ್ರದಾಯದಂತೆ ಹೊರಿಲ್ಕಾ ಸಾರಾಯಿ ಸುರಿದರು, ಒಂದು ಬಟ್ಟಲಲ್ಲ. ಹೊರಗೆ ಬಂದಾಗ ಮೊಣಕೈವರೆಗೂ ಹಿಟ್ಟು. ಏನು ಹಾಡಿದರೆಂದು ಕೇಳಿದರೆ, "ತುಂಬಾ ಚೆನ್ನಾಗಿ ಹಾಡಿದ್ರು" ಎಂದರು. ಅಷ್ಟೇ. ಝ್ಲಾತಾ ಮಾತ್ರ ಒಂದು ಉಪಾಯ ಹೇಳಿದಳು, ಯಂತ್ರವನ್ನು ಟವೆಲ್ಲಿನಲ್ಲಿ ಸುತ್ತಿ ಗುಟ್ಟಾಗಿ ಒಳಗೆ ಸೇರಿಸೋಣ ಎಂದು. ಸ್ತೆಫಾನಿಯಾ ಯುಖೀಮಿವ್ನಾ ಅವಳ ಕಡೆ ತಿರುಗಿದರು. "ಹಾಡನ್ನ ಕದಿಯೋಕೆ ಬಂದಿದ್ದೀವಾ ಮಗಳೇ? ಕೊಡೋವರೆಗೂ ಕಾಯೋಣ" ಎಂದರು. ಆ ಮಾತು ಕೇಳಿದಾಗ ನನ್ನ ಕೈ ಸಡಿಲವಾಗಿ ಬುರ್ಕೊ ಒಮ್ಮೆ ಊಳಿಟ್ಟಿತು.

ನೀನು ಒಳಗಿದ್ದವನಲ್ಲವೇ, ನೀನೇ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವರೂ ಕೇಳಿದರು. ಸ್ವಾಮಿ, ಆ ಹಾಡು ಹಾಡುವಾಗ ನನ್ನ ತಲೆ ಒಲೆಯೊಳಗಿರುತ್ತಿತ್ತು! ಆದರೂ ನೆನಪಿದ್ದ ರಾಗವನ್ನು ಸ್ವಲ್ಪ ಗುನುಗಿ ತೋರಿಸಿದೆ. ಅವರು ಬಹಳ ಮರ್ಯಾದೆಯಿಂದ ಯಂತ್ರ ಆರಿಸಿದರು.

ಮುಚ್ಚಿದ ಕಿಟಕಿಯ ಬಳಿ ಇಬ್ಬರು ಎಷ್ಟು ಹೊತ್ತು ಸುಮ್ಮನೆ ನಿಲ್ಲಲು ಸಾಧ್ಯ? ರೊಟ್ಟಿ ಬೇಯುವವರೆಗೆ ಮಾತನಾಡುತ್ತಿದ್ದೆವು. ನಾನೊಮ್ಮೆ ಕೇಳಿದೆ, "ನಮ್ಮದೇ ಮಾತನ್ನ ಯೂನಿವರ್ಸಿಟಿಗೆ ಹೋಗಿ ಯಾಕೆ ಕಲೀಬೇಕು ಮೇಡಂ? ಅದು ಮನೇಲೇ ಇದೆಯಲ್ಲ." ಅವರು ಹೇಳಿದರು, "ಮನೇಲೇ ಇದೆ ಅಂದ್ಕೊಂಡಿರ್ತೀವಿ ಲುಕಿಯಾನ್. ಬೇಕಾದಾಗ ಹುಡುಕಿದ್ರೆ ಇರಲ್ಲ. ಯಾರೋ ಯಾವಾಗ್ಲೋ ಎರವಲು ತಗೊಂಡು ಹೋಗಿರ್ತಾರೆ, ನಾವೂ ಕೇಳಿರಲ್ಲ, ಅವರೂ ಕೊಟ್ಟಿರಲ್ಲ." ಅಂದಿನಿಂದ ನಾನು ನಿಮ್ಮ ವಿಭಾಗವನ್ನು ತಮಾಷೆ ಮಾಡುವುದನ್ನು ಕಡಿಮೆ ಮಾಡಿದ್ದೇನೆ. ಪೂರ್ತಿ ಬಿಟ್ಟಿಲ್ಲ.

ಈಗ ನಮ್ಮೂರಿನ ಹುಡುಗರು ಪೋಲ್ತಾವಾದ ಹೋಟೆಲುಗಳಲ್ಲಿ ಮದುವೆಯಾಗುತ್ತಾರೆ. ಕೊರೊವಾಯ್ ಬೇಕರಿಯಿಂದ ಕಾರಿನಲ್ಲಿ ಬರುತ್ತದೆ, ಮೇಲೆ ಸಕ್ಕರೆಯ ಪಾರಿವಾಳ. ಅದಕ್ಕೆ ಯಾರೂ ಹಾಡುವುದಿಲ್ಲ. ಹಾಡಬಲ್ಲವರಲ್ಲಿ ಅರ್ಧ ಜನ ಗುಡ್ಡದ ಮೇಲಿನ ಸ್ಮಶಾನದಲ್ಲಿದ್ದಾರೆ. ಮೋತ್ರಿಯಾ ಅಜ್ಜಿಗೆ ಎಂಬತ್ತು ದಾಟಿದೆ, ಪುಣ್ಯಕ್ಕೆ ಅವಳ ಮುದುಕನೂ ಗಟ್ಟಿಯಾಗಿದ್ದಾನೆ. ಮದುವೆಯಿಲ್ಲದೆ ಬರಿದೇ ಹಾಡಲು ಆಕೆ ಒಪ್ಪುವುದಿಲ್ಲ. "ಸುಮ್ನೆ ಹಾಡಿ ಯಾರದ್ದೋ ಸಂಸಾರಕ್ಕೆ ಬಿರುಕು ಬಿದ್ರೆ ನಿಮ್ಮ ಪುಸ್ತಕ ಬಂದು ಮೆತ್ತುತ್ತಾ?" ಎನ್ನುತ್ತಾಳೆ.

ಹೀಗಿರುವಾಗ ಈ ವಸಂತದಲ್ಲಿ ಸುದ್ದಿ ಬಂತು. ಸ್ತೆಫಾನಿಯಾ ಯುಖೀಮಿವ್ನಾ ಅವರಿಗೆ ನಿವೃತ್ತಿ. ಒಡೆಸ್ಸಾದಲ್ಲಿ ತಂಗಿಯ ಮಗಳ ಮನೆಗೆ, ಒಂಬತ್ತನೇ ಅಂತಸ್ತಿಗೆ ಹೋಗುತ್ತಾರೆ. ಇನ್ನು ಜುಲೈ ಇಲ್ಲ. ನನಗೆ ಏನನ್ನಿಸಿತೆಂದು ಈ ಸಭೆಯಲ್ಲಿ ಹೇಳುವುದಿಲ್ಲ. ನೇರವಾಗಿ ಮೋತ್ರಿಯಾ ಅಜ್ಜಿಯ ಮನೆಗೆ ಹೋದೆ. ಆಕೆ ಚಾಕುವಿನಿಂದ ಆಲೂಗೆಡ್ಡೆಯ ಮೊಳಕೆ ತೆಗೆಯುತ್ತಿದ್ದಳು.

"ಅಜ್ಜಿ, ಒಂದೇ ಒಂದ್ಸಲ ಆ ಒಲೆ ಹಾಡು ಹಾಡಿಬಿಡು. ಆಯಮ್ಮ ಹೋಗ್ತಿದಾರೆ."

"ಮದುವೆ ತಗೊಂಡ್ಬಾ, ಹಾಡ್ತೀನಿ."

"ಎಲ್ಲಿಂದ ತರ್ಲಿ ಮದುವೇನ?"

ಅಜ್ಜಿ ಚಾಕು ಕೆಳಗಿಟ್ಟಳು. "ಲೋ ಬೋಳ, ಇಷ್ಟು ವರ್ಷ ಕಿಟಕಿ ಹತ್ರ ಯಾಕೆ ನಿಂತಿದ್ದೆ?"

"ನಾಯಿ ಹಿಡ್ಕೊಳ್ಳೋಕೆ."

"ನಾಯಿ ಸತ್ತ ಮೇಲೂ ಎರಡು ಮದುವೆ ಆಯ್ತಲ್ಲೋ. ಆಗ ಏನು ಹಿಡ್ಕೊಂಡು ನಿಂತಿದ್ದೆ?"

ಸಭಿಕರೇ, ಈ ಪ್ರಶ್ನೆಗೆ ನಿಮ್ಮ ಯಾವ ಗ್ರಂಥಾಲಯದಲ್ಲಾದರೂ ಉತ್ತರವಿದೆಯೇ?

ಆಮೇಲೆ ಅಜ್ಜಿಯೇ ಶಾಸ್ತ್ರ ಬಿಡಿಸಿ ಹೇಳಿದಳು. ಮದುವೆಯಾಗದವರಲ್ಲಿ ಮದುಮಗಳೊಬ್ಬಳಿಗೆ ಮಾತ್ರ ಒಳಗೆ ಜಾಗ, ಅವಳನ್ನು ಒಲೆಯ ಪಕ್ಕದಲ್ಲೇ ಕೂರಿಸಿಕೊಂಡು ಆ ಹಾಡು ಹಾಡುತ್ತಾರೆ, ಅದು ಅವಳಿಗಾಗಿಯೇ ಇರುವ ಹಾಡು. ನನಗೆ ಅನುಮಾನ. "ನನಗಿದು ಎರಡನೇದು. ಎರಡನೇ ಮದುವೆಗೆ ಕೊರೊವಾಯ್ ಇಲ್ವಲ್ಲ ಅಜ್ಜಿ?" ಎಂದೆ. ಆಕೆ ಹೇಳಿದಳು, "ನಿನಗೆ ಯಾರೋ ಬೇಯಿಸ್ತಾರೆ? ಆಯಮ್ಮನಿಗೆ ಮೊದಲನೇದು ತಾನೆ, ಅವಳಿಗೆ ಬೇಯಿಸ್ತೀವಿ. ನಿನಗೆ ಅದರಲ್ಲೊಂದು ಚೂರು ಸಿಗುತ್ತೆ, ಬಾಯಿ ಮುಚ್ಕೊಂಡಿದ್ರೆ." ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ನಾನು ಎರಡರ ನಡುವೆ ಸಿಕ್ಕಿಕೊಂಡು ಮನೆಗೆ ಬಂದೆ.

ನಮ್ಮಲ್ಲಿ ಗಂಡು ತಾನೇ ಹೋಗಿ ಹೆಣ್ಣು ಕೇಳುವ ಪದ್ಧತಿಯಿಲ್ಲ. ಇಬ್ಬರು ಹಿರಿಯರು ಹೋಗಿ ಮಾತನಾಡಬೇಕು. ಆ ಇಬ್ಬರನ್ನು ಕರೆದುಕೊಂಡೇ ಬಂದಿದ್ದೇನೆ. ಅಲ್ಲಿ ಕಂಬದ ಮರೆಯಲ್ಲಿ ಕುಳಿತಿದ್ದಾರೆ, ಹೊಸ ಟೋಪಿಯವರು. ಈ ಸಂಜೆ ಮೇಡಂ ಅವರ ಮನೆಗೆ ಹೋಗುವುದೆಂದು ಮಾತಾಗಿತ್ತು. ಆದರೆ ಡೀನ್ ಸಾಹೇಬರನ್ನೂ ಈ ಗೋಡೆ ತುಂಬ ಇರುವ ಪುಸ್ತಕಗಳನ್ನೂ ನೋಡಿದ ಮೇಲೆ ಇಬ್ಬರೂ ಕೈ ಎತ್ತಿಬಿಟ್ಟರು. "ಇಷ್ಟು ಓದಿದೋರ ಹತ್ರ ನಮ್ಮ ಬಾಯಿ ಏಳಲ್ಲಪ್ಪ. ಹೇಗೂ ನಿನ್ನ ಕೈಗೆ ಮೈಕ್ ಕೊಡ್ತಾರೆ, ನೀನೇ ಹೇಳ್ಬಿಡು" ಎಂದರು. ನಾನು ಹೇಳಲು ಬಂದದ್ದು ಗ್ರಾಮಸ್ಥರ ಪರವಾಗಿ ಎರಡು ಮಾತು. ಆಣೆಗೂ ಅಷ್ಟೇ.

ಸ್ತೆಫಾನಿಯಾ ಯುಖೀಮಿವ್ನಾ, ಆ ಚುಕ್ಕಿಗಳ ಜಾಗ ತುಂಬಲಿ ಎಂಬ ಆಸೆ ನನಗೂ ಇದೆ. ಆದರೆ ಹಾಡಿಗಾಗಿ ಮಾತ್ರ ಬನ್ನಿ ಎಂದು ಕರೆದರೆ ಅದು ಟವೆಲ್ಲಿನಲ್ಲಿ ಯಂತ್ರ ಸುತ್ತಿಟ್ಟ ಹಾಗಾಗುತ್ತದೆ. ಹಾಡು ಇಲ್ಲದಿದ್ದರೂ ಕರೆಯುತ್ತಿದ್ದೆ. ಇಷ್ಟೇ ನನ್ನ ಮಾತು.

ಉತ್ತರ ಇಲ್ಲೇ ಕೊಡಬೇಕೆಂದಿಲ್ಲ. ಕೊಡಲು ಬರುವುದೂ ಇಲ್ಲ. ನಮ್ಮ ಕಡೆ ಹೆಣ್ಣು ಕೇಳಲು ಬಂದಾಗ ಹುಡುಗಿ ಬಾಯಿಬಿಟ್ಟು ಒಪ್ಪಿಗೆ ಎನ್ನುವುದಿಲ್ಲವೆಂದು ನೀವೇ ಈ ಮಕ್ಕಳಿಗೆ ಪಾಠ ಮಾಡಿದ್ದೀರಿ. ಅವಳು ಒಲೆಯ ಪಕ್ಕ ನಿಂತು, ತಲೆ ತಗ್ಗಿಸಿ, ಉಗುರಿನಿಂದ ಒಲೆಯ ಸುಣ್ಣ ಕೆರೆಯುತ್ತಾಳೆ. ನೋಡಿದವರು ತಿಳಿದುಕೊಳ್ಳಬೇಕು. ಈ ಸಭಾಂಗಣದಲ್ಲಿ ಒಲೆಯಿಲ್ಲ, ಕೋಣೆ ಕಾಯಿಸಲು ಬರೀ ಬಿಸಿನೀರಿನ ಕಬ್ಬಿಣದ ಕೊಳವೆಗಳು. ಆದ್ದರಿಂದ ನಿಧಾನವಾಗಿ ಯೋಚಿಸಿ. ಒಡೆಸ್ಸಾದಲ್ಲಿ ಸಮುದ್ರವಿದೆ, ಚೆನ್ನಾಗಿಯೇ ಇದೆಯಂತೆ.

ಐದು ನಿಮಿಷ ಯಾವಾಗ ಮುಗಿಯಿತೋ ಅಧ್ಯಕ್ಷರೇ ಬಲ್ಲರು. ಒಲೆ ಕಟ್ಟುವವನಿಗೂ ವಿದ್ವಾಂಸರ ಪಕ್ಕದಲ್ಲಿ ಕುರ್ಚಿ ಹಾಕಿದ ಈ ವಿಭಾಗಕ್ಕೆ, ಬೀಟ್‌ರೂಟ್ ಸಾಲಿನಲ್ಲಿ ಬೆನ್ನು ಬಗ್ಗಿಸಿದ ಎಲ್ಲ ಮಕ್ಕಳಿಗೆ, ಬೋರ್ಷ್ ಆರುತ್ತಿದ್ದರೂ ಎದ್ದುಹೋಗದ ನಿಮ್ಮೆಲ್ಲರಿಗೆ ತೆರ್ನೊವೆಯ ಪರವಾಗಿ ಕೃತಜ್ಞತೆಗಳು. ಕೊನೆಯದಾಗಿ...

ಮೇಡಂ, ಕ್ಷಮಿಸಿ. ನಿಮ್ಮ ಕೈ. ಆ ಮೇಜು ಸರ್ಕಾರದ್ದು, ಅದರ ಬಣ್ಣ ಕೆರೆಯಬಾರದು ಅಂತ... ಅಂದರೆ...

ಇಲ್ಲ, ಇಲ್ಲ, ಕೆರೆಯಿರಿ. ನಾನು ಬಳಿದುಕೊಡುತ್ತೇನೆ.

ಎಲ್ಲರಿಗೂ ನಮಸ್ಕಾರ.