ಗವಿ ಪರೀಕ್ಷೆ

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ಚಾಮರಾಜಪೇಟೆಯ ಹಿರಿಯರಾದ ಚಂದ್ರಶೇಖರಯ್ಯನವರೇ, ಆರೋಹ ಆಸ್ಪತ್ರೆ ಸಮೂಹದ ನಿರ್ದೇಶಕರೇ, ನನ್ನ ಶಿಷ್ಯ ಡಾಕ್ಟರ್ ವಂಶಿಯವರೇ, ನನ್ನ ಮಾತು ಯಾವಾಗ ಮುಗಿಯುತ್ತದೆಂದು ಗಡಿಯಾರ ನೋಡುತ್ತಿರುವ ನಿರೂಪಕಿಯವರೇ, ಹಾಗೂ ಹಿಂದಿನ ಕೋಣೆಯಿಂದ ಬರುತ್ತಿರುವ ಕೇಸರಿಬಾತಿನ ಪರಿಮಳವನ್ನು ಸಹಿಸಿಕೊಂಡು ಇನ್ನೂ ಕುಳಿತಿರುವ ಸಭಿಕರೇ,

ಈಗಷ್ಟೇ ನನಗೆ ಮೈಸೂರು ಪೇಟ ತೊಡಿಸಿದಿರಿ, ಶಾಲು ಹೊದಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಅಭಿನಂದನಾ ಪತ್ರದಲ್ಲಿ ನನ್ನನ್ನು ಮೂಳೆ ವೈದ್ಯರ ಭೀಷ್ಮ ಎಂದು ಕರೆದಿದ್ದೀರಿ. ಬರೆದವರು ಯಾರೋ ತಿಳಿಯದು. ಭೀಷ್ಮರ ಬೆನ್ನಿಗೆ ಕೊನೆಯಲ್ಲಿ ಏನಾಯಿತು ಎಂಬುದನ್ನು ಅವರು ಮರೆತಿರಬೇಕು. ಬೆನ್ನಿನ ತಜ್ಞನನ್ನು ಹೊಗಳಲು ಆ ಹೆಸರೇ ಬೇಕಿತ್ತೇ?

ನನ್ನ ಹಿಂದೆ ಹಳದಿ ರೇಷ್ಮೆ ಬಟ್ಟೆ ಮುಚ್ಚಿದ ಒಂದು ಫಲಕವಿದೆ. ಅದರಲ್ಲಿ 'ಡಾಕ್ಟರ್ ರಾಮಾನುಜ ಬೆನ್ನೆಲುಬು ಚಿಕಿತ್ಸಾ ಕೇಂದ್ರ' ಎಂದು ಬರೆಸಿದ್ದಾರೆ. ನನ್ನ ಮಾತು ಮುಗಿದ ಮೇಲೆ ನಾನು ಆ ಬಟ್ಟೆ ಸರಿಸಬೇಕು, ನೀವು ಚಪ್ಪಾಳೆ ತಟ್ಟಬೇಕು. ಅದಕ್ಕೆ ಮುಂಚೆ ಒಂದೆರಡು ಮಾತು ಆಡುತ್ತೇನೆ. ನಡುವೆ ಕೋಪ ಬಂದರೆ ಕ್ಷಮಿಸಿ ಎಂದು ಹೇಳುವುದು ಪದ್ಧತಿ. ಬಂದರೆ ಎನ್ನಲಾರೆ, ಬಂದೇ ಬಿಟ್ಟಿದೆ.

ಚಾಮರಾಜಪೇಟೆಯಲ್ಲಿ ನಾನು ನರ್ಸಿಂಗ್ ಹೋಮ್ ತೆರೆದಾಗ ಅದು ನಮ್ಮ ಮಾವನವರ ಮನೆಯ ಮುಂಭಾಗ. ಮಂಚಗಳು ಕೆಲವೇ. ನನ್ನ ಹೆಂಡತಿ ಕಾವೇರಮ್ಮ, ಈಗ ಇಲ್ಲ, ರೋಗಿಗಳ ಗಂಜಿಯಿಂದ ಹಿಡಿದು ಬಾಗಿಲ ಮೇಲಿನ ಬೋರ್ಡಿನ ತನಕ ಎಲ್ಲ ಅವಳದೇ. ಬೋರ್ಡಿನ ಅಕ್ಷರಗಳನ್ನು ಮೊದಲು ಸೀಮೆಸುಣ್ಣದಲ್ಲಿ ಬರೆದು, ಪೇಂಟರ್ ಶೀನಣ್ಣನ ಹಿಂದೆ ನಿಂತು, 'ರಾ'ಗೆ ಇನ್ನೂ ಸ್ವಲ್ಪ ದೀರ್ಘ ಎಳಿ ಅಂತ ಹೇಳಿ ಬರೆಸಿದ್ದಳು. ಆಗ ಬರುತ್ತಿದ್ದವರು ಯಾರು? ಪೇಟೆಯ ಜವಳಿ ವ್ಯಾಪಾರಿಗಳು, ಮೇಷ್ಟ್ರುಗಳು, ಗುಮಾಸ್ತರು, ಮನೆ ತುಂಬ ಜನರಿಗೆ ರುಬ್ಬಿ ರುಬ್ಬಿ ನಡು ಬಿದ್ದುಹೋದ ತಾಯಂದಿರು. ಎಲ್ಲರದೂ ಒಂದೇ ಮಾತು: "ಸೊಂಟ ಹಿಡ್ಕೊಂಡಿದೆ ಡಾಕ್ಟ್ರೇ." ನಾನು ಏನು ಮಾಡುತ್ತಿದ್ದೆ? ನೋಡುತ್ತಿದ್ದೆ, ಮುಟ್ಟುತ್ತಿದ್ದೆ, ಕೋಣೆಯ ಉದ್ದಕ್ಕೂ ನಡೆಸುತ್ತಿದ್ದೆ. ಬಹುಪಾಲು ಜನಕ್ಕೆ ಬೇಕಾದದ್ದು ವ್ಯಾಯಾಮ, ಸ್ವಲ್ಪ ಮಾತ್ರೆ, ಮತ್ತು ತಾಳ್ಮೆ.

ನಾನು ಶಸ್ತ್ರಚಿಕಿತ್ಸೆಯ ವೈರಿ ಎಂದು ಯಾರೂ ತಿಳಿಯಬಾರದು. ಕಾಲಿನ ಶಕ್ತಿ ಹೋಗುತ್ತಿದ್ದವರಿಗೆ, ಮೂತ್ರ ಕಟ್ಟಿದವರಿಗೆ, ಬೆನ್ನುಮೂಳೆಗೆ ಕ್ಷಯ ತಗುಲಿದವರಿಗೆ ನಾನು ಕತ್ತಿ ಹಿಡಿದಿದ್ದೇನೆ. ಸ್ಕ್ರೂ ಹಾಕಿದ್ದೇನೆ, ಸರಳು ಹಾಕಿದ್ದೇನೆ. ಅವರು ಎದ್ದು ನಡೆದಿದ್ದಾರೆ. ಅದು ವೈದ್ಯಕೀಯದ ದೊಡ್ಡ ಕೊಡುಗೆ, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಔಷಧ ಇದೆ ಎಂದು ರೋಗ ಹುಡುಕಿಕೊಂಡು ಹೊರಡುವುದು ಯಾವ ವೈದ್ಯಕೀಯ?

ಬೆನ್ನು ಸುಧಾರಿಸಿದೆಯೋ ಇಲ್ಲವೋ ಎಂದು ತಿಳಿಯಲು ನನ್ನದೊಂದು ಪರೀಕ್ಷೆ ಇತ್ತು. ಯಾವ ಪುಸ್ತಕದಲ್ಲೂ ಇಲ್ಲ. ಗವಿಪುರದ ಗಂಗಾಧರೇಶ್ವರನ ಗುಡಿ ನಿಮಗೆಲ್ಲ ಗೊತ್ತು. ಅಲ್ಲಿ ಗರ್ಭಗುಡಿಯ ಸುತ್ತ ಬಂಡೆಯೊಳಗೇ ಪ್ರದಕ್ಷಿಣೆಯ ದಾರಿ ಇದೆ. ಚಾವಣಿ ಎಷ್ಟು ತಗ್ಗು ಎಂದರೆ ಮಂತ್ರಿಯಾಗಲಿ ಮುನ್ಸಿಪಾಲಿಟಿಯವನಾಗಲಿ ನಡು ಬಗ್ಗಿಸಿಯೇ ಹೋಗಬೇಕು. "ಗವಿಯಲ್ಲಿ ಒಂದು ಸುತ್ತು ಹಾಕ್ಕೊಂಡು ಬನ್ನಿ. ಆಯ್ತು ಅಂದ್ರೆ ನಿಮಗೆ ನಾನು ಬೇಡ" ಎನ್ನುತ್ತಿದ್ದೆ. ಜನ ಅದಕ್ಕೆ ಗವಿ ಪರೀಕ್ಷೆ ಎಂದೇ ಹೆಸರಿಟ್ಟರು. ಪಾಸಾದವರು ಬಂದು ಪ್ರಸಾದ ಕೊಟ್ಟು ಹೋಗುತ್ತಿದ್ದರು.

ನಗಬೇಡಿ. ಶ್ರೀವೈಷ್ಣವನಾದ ನಾನು ರೋಗಿಗಳನ್ನು ಶಿವನ ಗುಡಿಗೆ ಕಳಿಸುತ್ತಿದ್ದೆನಲ್ಲ ಎಂದು ನಮ್ಮ ಸೋದರತ್ತೆ ಸಾಯುವ ತನಕ ಬೈದರು. ಕಳಿಸುವುದೇನು, ಆಮೇಲಾಮೇಲೆ ನಾನೂ ಸೋಮವಾರ ಹೋಗತೊಡಗಿದೆ. ಭಕ್ತಿಯಿಂದಲ್ಲ, ರೋಗಿಗಳ ತಪಾಸಣೆಗೆ. ಹೊರಗಿನ ಕಂಬದ ಬಳಿ ಕುಳಿತರೆ ಯಾರು ಹೇಗೆ ಬಗ್ಗುತ್ತಾರೆ ಎಂಬುದು ಚೆನ್ನಾಗಿ ಕಾಣುತ್ತದೆ.

ಅಲ್ಲಿಗೆ ಪ್ರತಿ ಸೋಮವಾರ ಗುರುಬಸಮ್ಮನವರು ಬರುತ್ತಿದ್ದರು. ಚಿಕ್ಕಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದವರ ಮನೆಯ ಸೊಸೆ. ಯಜಮಾನರು ಹೋದ ಮೇಲೆ ಅಂಗಡಿಯನ್ನು ತಾವೇ ನಡೆಸಿದವರು. ಸೀರೆ ಬಿಡಿಸಿ ಮಡಿಸಿ, ಬಿಡಿಸಿ ಮಡಿಸಿ ಅವರಿಗೆ ಸೊಂಟ ನೋವು. ನನ್ನ ಬಳಿ ಬಂದರು, ವ್ಯಾಯಾಮ ಕಲಿತರು, ಗವಿ ಪರೀಕ್ಷೆಯಲ್ಲಿ ಪಾಸಾದರು. ಪಾಸಾದ ಮೇಲೂ ಪರೀಕ್ಷೆ ಬಿಡಲಿಲ್ಲ. ತಿಳಿನೀಲಿ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದರೆ ಆ ಕಡೆಯಿಂದ ಹೊರಬರುವಾಗ ಮುಖದಲ್ಲಿ ಒಂದು ಗೆಲುವು ಇರುತ್ತಿತ್ತು. "ಇವತ್ತೂ ಪಾಸು ಡಾಕ್ಟ್ರೇ" ಎನ್ನುತ್ತಿದ್ದರು. ಸೀರೆಯ ಬಣ್ಣ ನನಗೆ ಹೇಗೆ ನೆನಪಿದೆ ಎಂದು ನೀವು ಕೇಳಬಹುದು. ವೈದ್ಯನಾದವನು ಎಲ್ಲವನ್ನೂ ಗಮನಿಸಬೇಕು. ಇರಲಿ, ವಿಷಯಕ್ಕೆ ಬರುತ್ತೇನೆ.

ಕಾವೇರಮ್ಮ ಹೋದ ಮೇಲೆ ನರ್ಸಿಂಗ್ ಹೋಮ್ ನಡೆಸುವುದು ನನ್ನೊಬ್ಬನಿಂದ ಆಗಲಿಲ್ಲ. ಆರೋಹದವರು ಬಂದರು. ಗಾಜಿನ ಕಟ್ಟಡ ಕಟ್ಟಿದರು. ಕಾವೇರಮ್ಮನ ಗಂಜಿ ಕೋಣೆಯಲ್ಲಿ ಈಗ ಕಾಫಿ ಮಾರುತ್ತಾರೆ. ನಾನು ಕನ್ಸಲ್ಟೆಂಟ್ ಎಂಬ ಹೆಸರಿನಲ್ಲಿ ವಾರಕ್ಕೆರಡು ದಿನ ಬರುತ್ತಿದ್ದೆ. "ನಿಮ್ಮ ಬೋರ್ಡು ಹಂಗೇ ಇರ್ಲಿ ಸಾರ್, ಜನಕ್ಕೆ ನಿಮ್ಮ ಹೆಸ್ರಂದ್ರೆ ನಂಬಿಕೆ" ಎಂದರು. ನಾನು ಅದನ್ನು ಗೌರವ ಎಂದುಕೊಂಡೆ. ಬೋನಿಗೆ ಕೊಬ್ಬರಿ ತುಂಡು ಕಟ್ಟುವುದು ಇಲಿಯ ಮೇಲಿನ ಗೌರವಕ್ಕಲ್ಲ ಎಂಬುದು ಆಗ ಹೊಳೆಯಲಿಲ್ಲ.

ಆಮೇಲೆ ಏನೇನು ಬಂತು? ರೋಗಿಯ ಮುಖ ನೋಡುವ ಮೊದಲೇ ಸ್ಕ್ಯಾನ್ ಬಂತು. ಭಾನುವಾರದ ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತು ಬಂತು: ನಿಮ್ಮ ಬೆನ್ನು ನೋವನ್ನು ಅಲಕ್ಷಿಸಬೇಡಿ. ಸ್ಕ್ರೂ ತಯಾರಿಸುವ ಕಂಪನಿಯ ಹುಡುಗ ಆಪರೇಷನ್ ಥಿಯೇಟರಿನೊಳಕ್ಕೇ ಬಂದ, ಸರ್ಜನ್ ಪಕ್ಕದಲ್ಲಿ ನಿಂತು ಯಾವ ಸ್ಕ್ರೂ ಎಂದು ತೋರಿಸತೊಡಗಿದ. ಅದೇ ಕಂಪನಿ ಸರ್ಜನ್‌ಗಳನ್ನು ಸಿಂಗಪುರದ ಸಮ್ಮೇಳನಕ್ಕೆ ಕರೆದೊಯ್ದಿತು. ಮತ್ತು ಒಂದು ಪದ ಬಂತು: ಸವೆದಿದೆ. "ನಿಮ್ಮ ಬೆನ್ನುಮೂಳೆ ಸವೆದಿದೆ." ಅರವತ್ತು ದಾಟಿದ ಯಾರ ಬೆನ್ನುಮೂಳೆ ಸವೆದಿಲ್ಲ, ಸ್ವಾಮಿ? ಈ ಸಭಾಂಗಣದ ಅರ್ಧ ಜನರನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿದರೆ ಅಷ್ಟೂ ಜನ ಸವೆದಿರುತ್ತೀರಿ. ಗುಡಿಯ ಮೆಟ್ಟಿಲು ಸವೆದಿದೆ ಎಂದರೆ ಜನ ಹತ್ತಿದ್ದಾರೆ ಎಂದರ್ಥ. ಗುಡಿ ಬೀಳುತ್ತಿದೆ ಎಂದಲ್ಲ.

ಒಂದು ದಿನ ನಮ್ಮನ್ನೆಲ್ಲ ಕೂರಿಸಿ, ಟೈ ಕಟ್ಟಿದ ಯುವಕನೊಬ್ಬ ಗೋಡೆಯ ಮೇಲೆ ಚಿತ್ರ ತೋರಿಸಿದ. ಬಣ್ಣ ಬಣ್ಣದ ಕಂಬಗಳು. ವಂಶಿಯ ಕಂಬ ಎತ್ತರ, ನನ್ನದು ಗಿಡ್ಡ. "ರಾಮಾನುಜ ಸಾರ್ ಅವರ ಕನ್ವರ್ಷನ್ ತುಂಬಾ ಲೋ ಇದೆ" ಎಂದ. ಕನ್ವರ್ಷನ್ ಎಂದರೆ ನನಗೆ ಗೊತ್ತಿದ್ದದ್ದು ಮತಾಂತರ ಒಂದೇ. "ನಾನು ಯಾರ ಮತಾನೂ ಬದಲಾಯಿಸಿಲ್ವಲ್ಲಪ್ಪ" ಎಂದೆ. ಎಲ್ಲರೂ ನಕ್ಕರು. ವಂಶಿ ಮಾತ್ರ ನಗಲಿಲ್ಲ, ತಲೆ ತಗ್ಗಿಸಿದ. ಆಮೇಲೆ ತಿಳಿಯಿತು. ಬೆನ್ನು ನೋವೆಂದು ಬಾಗಿಲಿಗೆ ಬಂದವರಲ್ಲಿ ಎಷ್ಟು ಜನ ಆಪರೇಷನ್ ಮೇಜಿನ ಮೇಲೆ ಮಲಗಿದರು ಎಂಬ ಲೆಕ್ಕಕ್ಕೆ ಹಾಗೆನ್ನುತ್ತಾರಂತೆ. ರೋಗಿ ಗುಣವಾದನೋ ಎಂಬುದಕ್ಕೆ ಯಾವ ಕಂಬವೂ ಇರಲಿಲ್ಲ. ನಾನು ಗೋಡೆಯನ್ನೆಲ್ಲ ಹುಡುಕಿದೆ.

ಕಳೆದ ವರ್ಷ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ನಾನು ಮೇಲುಕೋಟೆಯಲ್ಲಿ ತಂಗಿಯ ಮನೆಯಲ್ಲಿದ್ದೆ. ಕೆಲವು ತಿಂಗಳು ಗವಿಪುರದ ಕಡೆ ಬರಲಾಗಲಿಲ್ಲ. ಬಂದ ಮೊದಲ ಸೋಮವಾರ ಹೋದೆ. ಗುರುಬಸಮ್ಮನವರು ಒಳಗೆ ಹೋಗದೆ ಹೊರಗಿನ ಕಂಬ ಹಿಡಿದುಕೊಂಡು ನಿಂತಿದ್ದರು. ನೆಟ್ಟಗೆ, ಪಹರೆಯವರ ಹಾಗೆ.

"ಯಾಕೆ ಗುರುಬಸಮ್ಮನೋರೇ, ಒಳಗೆ ಹೋಗಲ್ವಾ?" ಎಂದೆ.

"ಬಗ್ಗಕ್ಕಾಗಲ್ಲ ಡಾಕ್ಟ್ರೇ. ಬೆನ್ನಿಗೆ ಕಂಬಿ ಹಾಕಿದಾರಲ್ಲ."

"ಯಾರು ಹಾಕಿದ್ದು?"

ಆಕೆ ನನ್ನನ್ನೇ ವಿಚಿತ್ರವಾಗಿ ನೋಡಿದರು. "ನೀವೇ ಅಲ್ವಾ? ನಿಮ್ಮ ಆಸ್ಪತ್ರೇಲೇ. ಮತ್ತೆ ನೋವು ಬಂತು ಅಂತ ಹೋದೆ, ನೀವಿರ್ಲಿಲ್ಲ. ಬೋರ್ಡಲ್ಲಿ ನಿಮ್ಮ ಹೆಸ್ರಿತ್ತು. ಅಲ್ಲಿರೋ ಡಾಕ್ಟ್ರು ನಿಮ್ಮ ಶಿಷ್ಯರು ಅಂದ್ರು. ನೀವೇ ಹೇಳಿರ್ತೀರ ಅಂದ್ಕೊಂಡು ಮಲಕ್ಕೊಂಡೆ."

"ನೋವು?"

"ಅದು ಹಂಗೇ ಇದೆ."

ಸಭಿಕರೇ, ಸೊಂಟದಿಂದ ಪಕ್ಕೆಲುಬಿನ ತನಕ ಸರಳು. ನಾನು ಸ್ಕ್ಯಾನಿನ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ತರಿಸಿ ನೋಡಿದೆ. ಅವರ ಬೆನ್ನಿನಲ್ಲಿದ್ದದ್ದು ವಯಸ್ಸು. ಬೇರೇನೂ ಇರಲಿಲ್ಲ.

ವಂಶಿಯನ್ನು ಕರೆದು ಕೇಳಿದೆ. ಅವನು ಇಲ್ಲೇ ಕುಳಿತಿದ್ದಾನೆ, ಆದ್ದರಿಂದ ಬೆನ್ನ ಹಿಂದೆ ಆಡುವ ಮಾತಲ್ಲ ಇದು. "ಎಂಆರ್‌ಐನಲ್ಲಿ ಸವೆತ ಕ್ಲಿಯರ್ ಆಗಿ ಕಾಣ್ತಿತ್ತು ಸಾರ್" ಎಂದ. "ಅವರನ್ನ ನಡೆಸಿ ನೋಡಿದ್ಯೇನೋ?" ಎಂದೆ. "ಅಷ್ಟು ಟೈಮ್ ಎಲ್ಲಿ ಕೊಡ್ತಾರೆ ಸಾರ್" ಎಂದ. ಇದೇ ವಂಶಿ ವಿದ್ಯಾರ್ಥಿಯಾಗಿದ್ದಾಗ, ಚಳಿಗಾಲದಲ್ಲಿ ರೋಗಿಯ ಬೆನ್ನು ಮುಟ್ಟುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ. ನಾನು ಹೇಳಿಕೊಟ್ಟದ್ದಲ್ಲ, ಅವನಿಗೇ ತೋಚಿದ್ದು. ಅಂಥವನನ್ನು ಗೋಡೆಯ ಮೇಲಿನ ಕಂಬವಾಗಿ ಮಾಡಿದವರ ಮೇಲೆ ನನಗೆ ಸಿಟ್ಟಿದೆ. ಕಂಬವಾಗಲು ಒಪ್ಪಿದ್ದಕ್ಕೆ ಅವನ ಮೇಲೂ ಇದೆ. ಮಗನ ಮೇಲೆ ಬರುವಂಥ ಸಿಟ್ಟು, ಆದ್ದರಿಂದ ಜಾಸ್ತಿಯೇ ಇದೆ.

ನಿರ್ದೇಶಕರು ತಮ್ಮ ಭಾಷಣದಲ್ಲಿ, ರಾಮಾನುಜರ ಹೆಸರು ಒಂದು ಬ್ರಾಂಡ್ ಎಂದರು. ಸ್ವಾಮಿ, ಬ್ರಾಂಡ್ ಎಂದರೆ ದನಕ್ಕೆ ಹಾಕುವ ಬರೆಗೂ ಅದೇ ಪದವಂತೆ. ಇದು ನಮ್ಮಪ್ಪ ಇಟ್ಟ ಹೆಸರು. ಕಾವೇರಮ್ಮ ಸೀಮೆಸುಣ್ಣದಲ್ಲಿ ಬರೆದ ಹೆಸರು. ಆ ಹೆಸರನ್ನು ನೋಡಿ ಒಬ್ಬ ಹೆಂಗಸು ಒಂದು ಪ್ರಶ್ನೆಯನ್ನೂ ಕೇಳದೆ ಮೇಜಿನ ಮೇಲೆ ಮಲಗಿದರು. ಕನ್ವರ್ಟ್ ಆದರು. ಅವರ ಶಿವನ ಬಳಿಗೆ ಹೋಗುವ ದಾರಿಯನ್ನು ನನ್ನ ಹೆಸರು ಮುಚ್ಚಿತು.

ಆದ್ದರಿಂದ ಈ ಹಳದಿ ಬಟ್ಟೆಯನ್ನು ನಾನು ಸರಿಸುವುದಿಲ್ಲ. ಸರಿಸಬೇಡಿ, ಹಾಗೆಯೇ ಸುತ್ತಿ ಗೋಡೌನಿಗೆ ಕಳಿಸಿ. ಬಾಗಿಲ ಮೇಲಿರುವ ಹಳೆಯ ಬೋರ್ಡನ್ನೂ ನಾಳೆಯೇ ಇಳಿಸಬೇಕು. ಇಳಿಸದಿದ್ದರೆ ನಾನೇ ಏಣಿ ತರುತ್ತೇನೆ. ನನ್ನ ಬೆನ್ನು ಸವೆದಿದೆ, ಆದರೂ ಹತ್ತುತ್ತದೆ. ಚಂದ್ರಶೇಖರಯ್ಯನವರೇ, ಮೈಕ್ ಕಡೆ ಕೈ ಚಾಚಬೇಡಿ, ಮುಗಿಸುತ್ತಿದ್ದೇನೆ.

ನಾಳೆ ಸೋಮವಾರ. ಅವರು ಕಂಬ ಹಿಡಿದು ನಿಂತದ್ದನ್ನು ಕಂಡ ದಿನದಿಂದ ಪ್ರತಿ ಸೋಮವಾರ ಗುರುಬಸಮ್ಮನವರು ಗುಡಿಗೆ ಬಂದು ಹೊರಗೇ ನಿಲ್ಲುತ್ತಾರೆ, ನಾನು ಒಳಗೆ ಹೋಗುತ್ತೇನೆ. ಅವರ ಪಾಲಿನ ಸುತ್ತನ್ನು ನಾನು ಬಗ್ಗಿಕೊಂಡು ಹಾಕಿ ಬರುತ್ತೇನೆ. ಹೊರಬಂದಾಗ "ಪಾಸಾ ಡಾಕ್ಟ್ರೇ?" ಎಂದು ಅವರು ಕೇಳುತ್ತಾರೆ. ನಮ್ಮ ಸೋದರತ್ತೆ ಇದ್ದಿದ್ದರೆ ಮಡಿಕೋಲಿನಿಂದ ಹೊಡೆಯುತ್ತಿದ್ದರು. ಇಷ್ಟೆಲ್ಲ ವ್ಯವಹಾರದಲ್ಲಿ ತನ್ನಿಚ್ಛೆಯಿಂದ ಕನ್ವರ್ಟ್ ಆದವನು ನಾನೊಬ್ಬನೇ ಎಂದು ಕಾಣುತ್ತದೆ. ಈ ಪೇಟವನ್ನು ಮೇಜಿನ ಮೇಲೆ ಇಟ್ಟು ಹೋಗುತ್ತೇನೆ. ಗವಿಯ ಚಾವಣಿಗೆ ತಾಗುತ್ತದೆ.

ನನ್ನನ್ನು ಕರೆದವರಿಗೆ, ಸಹಿಸಿಕೊಂಡ ಅಧ್ಯಕ್ಷರಿಗೆ, ಅಡುಗೆಯವರಿಗೆ ವಂದನೆಗಳು. ಗುರುಬಸಮ್ಮನವರು ಈ ಸಭೆಯಲ್ಲೇ ಇದ್ದಾರೆ. ತಿರುಗಿ ನೋಡಬೇಡಿ, ಅವರಿಗೆ ತಿರುಗುವುದು ಕಷ್ಟ. ಹಿರಿಯರಿರುವ ಸಭೆಯಲ್ಲಿ ಬಗ್ಗಿ ಕೈಮುಗಿಯದೆ ಎದ್ದು ಹೋಗುವುದು ಹೇಗೆ ಎಂದು ಬರುವಾಗ ಆಟೋದಲ್ಲಿ ಸಂಕೋಚಪಟ್ಟರು. ಅದಕ್ಕೂ ನಾನಿದ್ದೇನೆ ಎಂದು ಹೇಳಿ ಕರೆತಂದೆ. ಆದ್ದರಿಂದ ಎರಡು ಸಲ ಬಗ್ಗುತ್ತೇನೆ. ಇದು ನನ್ನದು.

ಇದು ಅವರದು. ನಮಸ್ಕಾರ.