ಪಟೇಲರ ಬಾವಿಗೆ ಬಿದ್ದ ಟಿಕ್ಕು

ನಗಬೇಡಿ. ಇದು ನಮ್ಮ ಪಕ್ಕದ್ಮನೆ ಇಂದೂಗೇ ಆಗಿದ್ದು, ಹೋದ ಬೇಸಿಗೇಲಿ.

ಇಂದೂ ಅರಸೀಕೆರೆ ಕಾಲೇಜಲ್ಲಿ ಸ್ಟ್ಯಾಟಿಸ್ಟಿಕ್ಸ್ ಮೇಡಂ. ಅವತ್ತು ಕಣಕಟ್ಟೆ ಕಡೆಯ ಕೊನೇ ಬಸ್ಸಿಗೆ ಬಂದಿಳಿದಳು. ಕರಕೊಂಡು ಹೋಗಕ್ಕೆ ಗಂಡ ಉಮಾಶಂಕರ್ ಬಂದಿದ್ದ. ಇಬ್ಬರೂ ಪಟೇಲರ ಬಾವಿ ದಾಟ್ತಾ ಇದ್ದರು... ಅವಳ ಮೊಬೈಲು 'ಟಿಣ್' ಅಂತು.

"ನೋಡ್ರೀ... ಮತ್ತೆ ಕೆಲಸ ಮುಗೀತಂತೆ."

ನಮ್ಮ ಕೇರಿ ಬೋರ್‌ವೆಲ್ ಬತ್ತಿತ್ತು. ಈ ಬಾವಿಯಿಂದ ಪೈಪ್ ಎಳೀಬೇಕಾದ್ರೆ ಊರ ಬಾವಿಗಳ ನೀರಿನ ಪರೀಕ್ಷೆ ಆಗಬೇಕು. ಅದಕ್ಕೇ ಇಂದೂ, ಆರ್ ಅನ್ನೋ ಕಂಪ್ಯೂಟರ್ ಭಾಷೇಲಿ ಪ್ರೋಗ್ರಾಮ್ ಬರೆದಿದ್ದಳು. ಯಾವ ಬಾವಿ ನೀರು ಪರೀಕ್ಷೆಗೆ ಬಂದಿಲ್ಲವೋ ಅದನ್ನ ತಾನೇ ಹುಡುಕಿ, 'ನೀರು ತನ್ನಿ' ಅಂತ ನಮ್ಮೆಲ್ಲರ ಮೊಬೈಲಿನ ಕೆಲಸದ ಪಟ್ಟಿಗೆ ಹಾಕೋದು. ತಂದವರು ಟಿಕ್ ಹಾಕಬೇಕು. ಪಟೇಲರ ಬಾವಿಗೆ ಮಾತ್ರ ದಿನಾ ರಾತ್ರಿ ಟಿಕ್ ಬೀಳೋದು, ಹಾಕಿದವರ ಹೆಸರು ಖಾಲಿ. ಯಾರೋ ತಂದವ್ರೆ ಅಂದ್ಕೊಂಡು ನಾವು ಸುಮ್ಮನಾಗೋದು! ಪ್ರೋಗ್ರಾಮನ್ನ ಸಾಲು ಸಾಲೂ ಜಾಲಾಡಿದ್ದಳು ಪುಣ್ಯಾತ್ಗಿತ್ತಿ. ತಪ್ಪೇ ಇರಲಿಲ್ಲ. ಮಾರನೇ ದಿನ ಮೊದಲ ಬಸ್ಸಿಗೆ ನೀರು ಪರೀಕ್ಷೆಗೆ ಹೋಗದಿದ್ರೆ ಪೈಪೂ ಇಲ್ಲ, ಏನೂ ಇಲ್ಲ.

ಆ ಪಟೇಲ ಬದುಕಿದ್ದಾಗ ದೊಣ್ಣೆ ಹಿಡಿದು ಬಾವಿ ಕಾಯೋನು, ನಮ್ಮ ಕೇರಿಯವರು ಹಗ್ಗ ಮುಟ್ಟೋ ಹಾಗಿರಲಿಲ್ಲ. ಇಂದೂ ಅಜ್ಜಿ ಮುನಿಯಮ್ಮ, ಯಾರಾದ್ರೂ ನೀರು ಹೊಯ್ಯಲಿ ಅಂತ ಕೊಡ ಇಟ್ಕೊಂಡು ಕಾದೂ ಕಾದೂ ಸತ್ತಳು. ಪಟೇಲನೂ ಸತ್ತ. ಅವನ ಹೆದರಿಕೆ ಸಾಯಲಿಲ್ಲ.

ಖರ್... ಖರ್... ಕಲ್ಲಿನ ಮೇಲೆ ದೊಣ್ಣೆ ಎಳೆದ ಸದ್ದು. ಬಾವಿ ಒಳಗಿಂದ.

"ಬೇಡ ಕಣೇ... ನಡಿ," ಅಂದ ಉಮಾಶಂಕರ್, ಪಿಸುಮಾತಲ್ಲಿ.

"ಕಾದಿದ್ದು ನಮ್ಮಜ್ಜಿಗೇ ಸಾಕು. ಬಾಟ್ಲಿ ಹಿಡ್ಕೊಳ್ರೀ."

ಹಗ್ಗ ಬಿಟ್ಟಳು. ರಾಟೆ ಕಿರ್ರ್ ಅಂತು. ಬಿಂದಿಗೆ ಗುಳುಂ ಅಂತ ಮುಳುಗಿತು. ಎಳೆದರೆ... ಬರ್ತಾ ಇಲ್ಲ! ಕೆಳಗಿಂದ ಯಾರೋ ಜಗ್ತಾ ಇದ್ದಾರೆ.

"ಹಗ್ಗ ಬಿಡೇ..."

ಇಂದೂಗೆ ಮೈಯೆಲ್ಲ ಉರೀತಿತ್ತಂತೆ. ಕಟ್ಟೆಗೆ ಕಾಲು ಕೊಟ್ಟು ನಿಂತು, ಊರಿಗೇ ಕೇಳೋ ಹಂಗೆ ಕೂಗಿದಳು, "ಬಿಡಲ್ಲ ಕಣೋ! ನೀನು ಬಿಡು! ಸತ್ತ ಮೇಲೂ ಕಾವಲು ಕಾಯ್ತೀಯೇನೋ?"

ಒಳಗೆ ಏನೋ ದುಡುಂ ಅಂತ ಬಿತ್ತು... ಹಗ್ಗ ಹಗುರಾಯ್ತು. ಬಾಟ್ಲಿ ತುಂಬಿತು.

ಪೈಪ್ ಹಾಕೋರು ಬಾವಿಗಿಳಿದ ದಿನ ನಾನೇ ಬಗ್ಗಿ ನೋಡಿದೀನಿ. ಪಾಚಿ ಕಟ್ಟಿದ ಗೋಡೆ ಮೇಲೆ ಉಗುರಲ್ಲಿ ಕೆರೆದ ಹೊಸಾ ಗೀರು... ಮೇಲಿಂದ ಕೆಳಗಿನವರೆಗೂ.

ನಂಬದಿದ್ರೆ ಬಿಡಿ. ಈಗ ಗಟಗಟ ಕುಡಿದ್ರಲ್ಲ, ಅದೇ ನೀರು.